ದೋಣಿಯ ಮೇಲೆ ಮಗಳ ಹೆಸರು

ಅಮೆರಿಕದ ನಮ್ಮ ಮೇನ್ ಕರಾವಳಿಯಲ್ಲಿ ಹೆಂಗಸರ ಹೆಸರಿಲ್ಲದ ದೋಣಿ ಹುಡುಕಿದರೂ ಸಿಗುವುದು ಕಷ್ಟ. ಹೆಂಡತಿಯದೋ ಮಗಳದೋ ಹೆಸರು ದೋಣಿಯ ಹಿಂಭಾಗದಲ್ಲಿ ದೊಡ್ಡದಾಗಿ ಮೆರೆಯುತ್ತಿರುತ್ತದೆ. ಹೆಸರಿನ ಒಡತಿ ಮಾತ್ರ ಅಡುಗೆಮನೆಯಲ್ಲಿ ಕುಳಿತು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೋನುಗಳಿಗೆ ಬಲೆ ಹೆಣೆಯುತ್ತಿರುತ್ತಾಳೆ. ನಾನೂ ಹೆಣೆದವಳೇ, ಬೆರಳು ಸೊಟ್ಟಗಾಗುವವರೆಗೆ.

ನನ್ನ ಗಂಡ ಎಲ್ಡನ್ ಬರೆಯುವ ಅಕ್ಷರವೆಂದರೆ ಇಡೀ ಬಂದರಿಗೇ ಅಚ್ಚುಮೆಚ್ಚು. ಯಾರ ದೋಣಿಗೆ ಹೆಸರು ಬರೆಯಬೇಕಾದರೂ ಅವನಿಗೇ ಕರೆ. ಮಗಳು ಹುಟ್ಟಿದ ವಾರವೇ ನಮ್ಮ ದೋಣಿಯ ಮೇಲೆ ‘ಮರ್ಲಾ ಜೇನ್’ ಎಂದು ಬರೆದ. ಆ ಹೆಸರನ್ನು ನೋಡುತ್ತಲೇ ಬೆಳೆದ ಹುಡುಗಿ, ಶಾಲೆ ಮುಗಿದ ದಿನ ರಬ್ಬರ್ ಬೂಟು ಹಾಕಿಕೊಂಡು ಅಪ್ಪನ ಮುಂದೆ ನಿಂತಳು.

“ನಾಳೆಯಿಂದ ನಾನೂ ಬರ್ತೀನಪ್ಪ.”

“ನಿನ್ನ ಹೆಸರು ಬರ್ತಾ ಇದೆಯಲ್ಲ, ಸಾಲ್ದಾ?” ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮುಂದೆ ಅವನ ಮಂಡಿ ಕೈಕೊಟ್ಟಾಗ, ದೋಣಿ ಮಗಳಿಗೆ ಕೊಡು ಎಂದು ನಾನು ಬಾಯಿ ಬಡಿದುಕೊಂಡೆ. ಕೇಳಲಿಲ್ಲ. ಪಕ್ಕದ ಬೀದಿಯ ಬಾಯ್ಡ್‌ಗೆ ಮಾರಿದ. ಬಾಯ್ಡ್ ಹಳೆಯ ಹೆಸರು ಕೆರೆದು ತನ್ನ ಹೆಂಡತಿಯ ಹೆಸರು ಬರೆಸಿದ. ಬರೆದವನು ಯಾರು? ನಮ್ಮವನೇ! ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಮರ್ಲಾ ಎಲ್ಲವನ್ನೂ ನೋಡಿದಳು. ಅಂದಿನಿಂದ ಅಪ್ಪ ಮಗಳ ನಡುವೆ ಗಾಳಿ ಮಳೆಯ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಅವಳು ಕಂಡವರ ದೋಣಿಗಳಲ್ಲಿ ಬೋನಿಗೆ ಎರೆಮೀನು ತುಂಬುತ್ತಾ ಕೆಲಸ ಕಲಿತಳು. ಮದುವೆಯಾದಳು. ಗಂಡ ನೀಲ್ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುತ್ತಾನೆ. ಅವನು ಮಾಡುವ ಬ್ಲೂಬೆರಿ ಪೈ ನನ್ನದಕ್ಕಿಂತ ರುಚಿ, ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚು ಅಷ್ಟೇ. ಎಲ್ಡನ್ ಮಾತ್ರ ಹಬ್ಬದ ಊಟಕ್ಕೆ ಸೇರಿದಾಗಲೆಲ್ಲ ಚುಚ್ಚುತ್ತಿದ್ದ.

“ಏನಪ್ಪಾ ಅಳಿಯ, ಏಪ್ರನ್ ಹೊಸದಾ?”

“ಹೌದು ಮಾವ, ನಿಮಗೂ ಒಂದು ತರ್ಲಾ?” ಎನ್ನುತ್ತಾ ನೀಲ್ ಪೈ ಕತ್ತರಿಸುತ್ತಿದ್ದ.

ಈ ವಸಂತದಲ್ಲಿ ಮರ್ಲಾ ಸ್ವಂತ ದೋಣಿ ಕೊಂಡಳು. ಕೊಂಡವಳು ನೇರ ನಮ್ಮ ಅಡುಗೆಮನೆಗೆ ಬಂದಳು.

“ಅಪ್ಪ, ಹೆಸರು ಬರೆದುಕೊಡ್ತೀಯಾ? ಹಳೇ ಹೆಸರೇ. ಅದೇ ಥರದ ಅಕ್ಷರ ಬೇಕು.”

ಎಲ್ಡನ್ ಹೂಂ ಎಂದು ತಲೆಯಾಡಿಸಿದ. ಅವನ ಬಲಗೈ ಜೇಬಿನಲ್ಲಿತ್ತು. ಆ ಕೈ ನಡುಗತೊಡಗಿ ಬಹಳ ಕಾಲವಾಗಿತ್ತು, ಮಗಳೆದುರು ಅದನ್ನು ಅವನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ಆಗಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಮರುದಿನ ಗಡ್ಡ ಹೆರೆದು, ಚರ್ಚಿಗೆ ಹಾಕುವ ಅಂಗಿ ಹಾಕಿಕೊಂಡು ಹೊರಟ.

ಮೊದಲ ಗೆರೆಯೇ ಜಾರಿತು. ಒರೆಸಿದ. ಮತ್ತೆ ಎಳೆದ, ಮತ್ತೆ ಜಾರಿತು. ಮರ್ಲಾ ಆ ಕೈಯನ್ನು ನೋಡುತ್ತ ನಿಂತುಬಿಟ್ಟಳು. ನನಗೆ ಸಂಕಟ ತಡೆಯಲಾಗಲಿಲ್ಲ, ಬಣ್ಣದ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ಬಗ್ಗಿದೆ.

“ಬಿಡಪ್ಪ, ಅಂಗಡೀಲಿ ಅಂಟಿಸೋ ಅಕ್ಷರ ಸಿಗ್ತವೆ.”

“ಅಂಟಿಸೋದು ಫ್ರಿಜ್ಜಿಗೆ!” ಎಂದು ರೇಗಿದ. ಆಮೇಲೆ ಕುಂಚವನ್ನು ಅವಳ ಕೈಗೆ ಕೊಟ್ಟ. “ನೀನೇ ಬರಿ. ಮೊಣಕೈ ಊರು. ಉಸಿರು ಬಿಡ್ತಾ ನಿಧಾನಕ್ಕೆ ಎಳಿ.”

ಮೀನಿನ ಚಾಕು ಹಿಡಿದ ಕೈ, ಕುಂಚ ಹಿಡಿದದ್ದು ಅದೇ ಮೊದಲು. ‘ಮರ್ಲಾ’ ಹೇಗೋ ನೆಟ್ಟಗೆ ನಿಂತಿತು, ‘ಜೇನ್’ ಕೆಳಗೆ ಜಾರಿತು.

ದೋಣಿ ಹೊರಡುವ ಬೆಳಿಗ್ಗೆ ಧಕ್ಕೆಯ ತುಂಬ ಜನ. ಬಾಯ್ಡ್ ಸುಮ್ಮನಿರುತ್ತಾನೆಯೇ?

“ಏನಯ್ಯಾ ಎಲ್ಡನ್, ಕುಡಿದು ಬರೆದ್ಯಾ?”

“ನಾನಲ್ಲ, ನನ್ನ ಮಗಳು ಬರೆದದ್ದು. ಕೈ ಗಟ್ಟಿಯಾಗಿದ್ದಾಗ ನಾನು ಕಲಿಸ್ಲಿಲ್ಲ. ಬರೆಯೋದನ್ನೂ ಇಲ್ಲ, ದೋಣಿ ನಡೆಸೋದನ್ನೂ ಇಲ್ಲ. ತಪ್ಪು ನಂದೇ ಕಣಯ್ಯಾ.”

ಇಷ್ಟು ವರ್ಷ ಸಂಸಾರ ಮಾಡಿದರೂ ಆ ಕೊನೆಯ ಮಾತನ್ನು ನಾನು ಅವನ ಬಾಯಲ್ಲಿ ಕೇಳಿರಲಿಲ್ಲ. ಕೇಳಬೇಕಾದವಳಿಗೋ ಕೇಳಿಸಲೇ ಇಲ್ಲ; ಅವಳಾಗಲೇ ಎಂಜಿನ್ ಚಾಲೂ ಮಾಡಿದ್ದಳು.

“ಸಂಜೆ ಅವಳಿಗೂ ಹೇಳು,” ಎಂದು ಮೊಣಕೈಯಿಂದ ತಿವಿದೆ.

“ಹೇಳ್ತೀನಿ.”

ಸಂಜೆ ಮರ್ಲಾ ದೋಣಿ ಕಟ್ಟಿ ಧಕ್ಕೆ ಹತ್ತಿ ಬಂದಳು. ಅಪ್ಪನ ಮುಂದೆ ನಿಂತು ಕಾದಳು. ಎಲ್ಡನ್ ಗಂಟಲು ಸರಿಮಾಡಿಕೊಂಡ. ಕೈ ಜೇಬಿಗೆ ಹೋಯಿತು.

“ಗಾಳಿ ಹೇಗಿತ್ತು?” ಎಂದ.

“ಪರವಾಗಿರಲಿಲ್ಲಪ್ಪ,” ಎಂದಳು.