ಪೋಸ್ಟ್‌ಮಾಸ್ಟರ್ ಟ್ರಾಸ್ಕ್ ತೆರೆದ ಲಕೋಟೆ

ಮಾರ್ಚ್ ಮೂವತ್ತೊಂದಕ್ಕೆ ನನ್ನ ನಾಲ್ಕು ವರ್ಷದ ನೇಮಕ ಮುಗಿಯುತ್ತಿತ್ತು. ಗಂಡ ಸತ್ತ ಮೇಲೆ ನನ್ನನ್ನೂ ಮಗಳನ್ನೂ ಸಾಕಿದ್ದು ಇಂಡಿಯಾನಾದ ಈ ಪುಟ್ಟ ಊರಿನ ಅಂಚೆ ಕಚೇರಿ. ಈ ಕೆಲಸ ಯಾರಿಗೆಂದು ಹೇಳುವವನು ವಾಷಿಂಗ್ಟನ್ನಿನಲ್ಲಿ ಕೂತ ನಮ್ಮ ಪ್ರತಿನಿಧಿ ವೆಲ್‌ಮನ್. ಅವನ ಕಿವಿಯಲ್ಲಿ ಊದುವವನು ಊರಿನ ಪಕ್ಷದ ಅಧ್ಯಕ್ಷ, ಕುದುರೆ ಜೀನು ಮಾರುವ ಆರ್ಲೊ ಬೀಡಲ್. ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟವನು ಕ್ಷೌರಿಕ ಕ್ಲೆಮ್ ಸ್ಟೌಟ್. ಚುನಾವಣೆಯಲ್ಲಿ ವೆಲ್‌ಮನ್ ಪರವಾಗಿ ಗಂಟಲು ಹರಿದುಕೊಂಡವನು.

ನಾನು ವೆಲ್‌ಮನ್‌ಗೆ ಬರೆದಿದ್ದೆ. ಉತ್ತರ ಬಂತು: 'ನಿಮ್ಮ ಸೇವೆಯನ್ನು ಮರೆಯುವವನಲ್ಲ ನಾನು.' ಒಳ್ಳೆಯ ಮಾತೇ. ಆದರೆ ಶಾಯಿ ಗೆರೆಗೆರೆಯೂ ಚೊಕ್ಕವಾಗಿತ್ತು, ನನಗೆ ಅದೇ ಚುಚ್ಚಿತು. ದೊಡ್ಡವರು ಲೆಕ್ಕಕ್ಕಿರುವ ಪತ್ರವನ್ನು ಒದ್ದೆ ಹಾಳೆಗಳ ಪುಸ್ತಕದಲ್ಲಿ ಒತ್ತಿ ನಕಲು ಇಟ್ಟುಕೊಳ್ಳುತ್ತಾರೆ; ಒತ್ತಿದಾಗ ಮೂಲದ ಶಾಯಿ ತುಸು ಹರಡುತ್ತದೆ. ಹರಡದ ಪತ್ರವೆಂದರೆ ಮೂಗಿಗೆ ತುಪ್ಪ ಸವರಿದ್ದು. ಅಂಚೆ ಚೀಲದ ಜೊತೆ ಬಾಳಿದವಳಿಗೆ ಇಷ್ಟೂ ಗೊತ್ತಾಗದೆ ಇರುತ್ತದೆಯೇ?

ಮರುದಿನ ಸ್ಟೌಟ್ ಅಂಗಡಿಯಿಂದ ನೇರ ನನ್ನ ಕಿಟಕಿಗೆ ಬಂದ. ಬಂದವನೇ ಕಟ್ಟೆಯ ಉದ್ದವನ್ನು ಗೇಣಿನಲ್ಲಿ ಅಳೆಯತೊಡಗಿದ.

"ಏನಯ್ಯಾ, ಶವಪೆಟ್ಟಿಗೆ ಮಾಡಿಸ್ತಿದ್ದೀಯಾ?" ಎಂದೆ.

"ಇಲ್ಲ ಮಿಸೆಸ್ ಟ್ರಾಸ್ಕ್, ಇಲ್ಲೊಂದು ಕನ್ನಡಿ ಇಟ್ರೆ ಹೆಂಗಿರುತ್ತೆ ಅಂತ ನೋಡ್ತಿದ್ದೆ. ನನಗೂ ಬರ್ದಿದ್ದಾರೆ ವೆಲ್‌ಮನ್ ಸಾಹೇಬ್ರು."

ಏಪ್ರನ್ನಿನ ಜೇಬಿನಿಂದ ಪತ್ರ ತೆಗೆದು ತೋರಿಸಿದ. ನನಗೆ ಬರೆದ ಮಾತೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಆದರೆ ಅವನದರಲ್ಲಿ ಶಾಯಿ ಹರಡಿತ್ತು. ಹಾಗಾದರೆ ನಕಲು ಇಟ್ಟುಕೊಂಡದ್ದು ಅವನ ಪತ್ರಕ್ಕೆ, ನನ್ನದಕ್ಕಲ್ಲ.

ಗುರುವಾರದ ಚೀಲದಲ್ಲಿ ಬೀಡಲ್ ಹೆಸರಿಗೆ ವೆಲ್‌ಮನ್‌ನಿಂದ ಲಕೋಟೆ ಬಂತು. ನನ್ನನ್ನು ತೆಗೆದುಹಾಕುವ ಆಜ್ಞೆ ನನ್ನ ಕೈಯಿಂದಲೇ ಬಟವಾಡೆ! ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದೆ. ಒಲೆಯ ಮೇಲೆ ಕಾಫಿಯ ಕೆಟಲ್ ಕುದಿಯುತ್ತಿತ್ತು. ನಾಲ್ಕು ವರ್ಷ ಒಬ್ಬರ ಒಂದು ಕಾರ್ಡನ್ನೂ ಓದಿದವಳಲ್ಲ ನಾನು, ದೇವರಾಣೆ. ಆದರೂ ಲಕೋಟೆಯನ್ನು ಹಬೆಗೆ ಹಿಡಿದೆ.

'ಸ್ಟೌಟ್‌ಗೆ ಬೇರೇನಾದರೂ ನೋಡೋಣ. ಮಿಸೆಸ್ ಟ್ರಾಸ್ಕ್ ಅವರನ್ನೇ ಮುಂದುವರಿಸುತ್ತೇನೆ. ಅವರು ಯಾರದಾದರೂ ಪತ್ರ ಬಿಚ್ಚಿದರೆಂದು ಈವರೆಗೆ ಒಂದು ದೂರೂ ಬಂದಿಲ್ಲ. ಇಲಾಖೆಗೆ ನಾನು ಹೇಳುವುದೂ ಅದನ್ನೇ.'

ಇನ್ನೊಮ್ಮೆ ಓದಿದೆ. ಆಗ ನೆನಪಾಯಿತು: ಗಿರಾಕಿಗಳ ಮುಖಕ್ಕೆ ಬಿಸಿ ಟವೆಲ್ ಹಿಂಡಿ ಹಿಂಡಿ ಆ ಸ್ಟೌಟ್‌ನ ಏಪ್ರನ್ ಮೂರು ಹೊತ್ತೂ ಒದ್ದೆ. ಶಾಯಿ ಹರಡಿದ್ದು ಅವನ ಜೇಬಿನಲ್ಲಿ, ವಾಷಿಂಗ್ಟನ್ನಿನಲ್ಲಲ್ಲ. ಇಬ್ಬರಿಗೂ ಬಂದದ್ದು ಒಂದೇ ತುಪ್ಪ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಗೋಂದು ಹಚ್ಚಿ, ಮೇಲೆ ಭಾರವಿಟ್ಟು ಒಣಗಿಸಿ, ಲಕೋಟೆಯನ್ನು ನಾನೇ ಬೀಡಲ್‌ನ ಅಂಗಡಿಗೆ ಒಯ್ದೆ. ಅವನು ಅದನ್ನು ಒಡೆಯಲಿಲ್ಲ. ಹಿಂಬದಿಯ ಅಂಟಿನ ಮೇಲೆ ಹೆಬ್ಬೆರಳು ಆಡಿಸಿದ. ತೊಗಲು ತಡವಿ ಪಳಗಿದ ಬೆರಳು ಅದು. ಆಮೇಲೆ ಒಡೆದು ಓದಿ, ಮಡಿಸಿ ಜೇಬಿಗಿಟ್ಟ.

"ಹೊರಗೆ ಹಿಮ ಬೀಳ್ತಿದೆಯಾ ಮಿಸೆಸ್ ಟ್ರಾಸ್ಕ್?"

ಕಿಟಕಿಯಾಚೆ ಬಿಸಿಲು ಹೊಡೆಯುತ್ತಿತ್ತು.

"ಇಲ್ಲ," ಎಂದೆ.

"ಬೀಳ್ತಿತ್ತು ಅಂತಿಟ್ಕೊಳ್ಳೋಣ. ಲಕೋಟೆಯ ಅಂಟು ಒಮ್ಮೆ ನೆಂದಿದೆ." ತಗ್ಗಿದ ದನಿಯಲ್ಲಿ ಮುಂದುವರಿಸಿದ. "ಹೆದರ್ಬೇಡಿ. ಕೆಲಸ ನಿಮ್ದೇ. ನಾನು ವೆಲ್‌ಮನ್‌ಗೆ ಏನೂ ಬರೆಯಲ್ಲ. ಎದುರು ಪಕ್ಷದ ಆ ವಕೀಲ ಹಾರ್ಗ್ರೋವ್‌ಗೆ ರಾಜಧಾನಿಯಿಂದ ಬುಧವಾರ ಬುಧವಾರ ಕಾಗದ ಬರುತ್ತಂತಲ್ಲ?"

"ಬೇರೆಯವರ ಕಾಗದದ ವಿಷಯ ನಾನು ಮಾತಾಡಲ್ಲ, ಮಿಸ್ಟರ್ ಬೀಡಲ್."

"ಮಾತಾಡ್ಬೇಡಿ. ಮಾತು ಯಾರಿಗೆ ಬೇಕು? ನಿಮ್ಗೆ ಕೈಕೆಲಸ ಚೆನ್ನಾಗಿ ಬರುತ್ತೆ."

ಮನೆಗೆ ಬಂದು ಮಗಳ ಮುಖ ನೋಡಲಾರದೆ ಆಲೂಗಡ್ಡೆ ಸುಲಿಯುತ್ತ ಕೂತೆ. ರಾಜೀನಾಮೆ ಬರೆಯಬೇಕೆಂದುಕೊಂಡೆ, ಎರಡು ಸಲ ಕಾಗದ ಹರಿದೆ. ತಿಂಗಳ ಕೊನೆಗೆ ವಾಷಿಂಗ್ಟನ್ನಿನಿಂದ ನೇಮಕ ಪತ್ರ ಬಂತು, ನನ್ನ ಹೆಸರಿಗೆ, ಇನ್ನೂ ನಾಲ್ಕು ವರ್ಷಕ್ಕೆ. ಸ್ಟೌಟ್ ಬಂದು ಕೈಕುಲುಕಿದ. "ನಿಮ್ಮಂಥ ನಿಯತ್ತಿನವ್ರಿಗೆ ಸೋತ್ರೆ ಬೇಜಾರಿಲ್ಲ ಬಿಡಿ," ಎಂದ. ಅವನ ಕೈ ಅಂದೂ ಒದ್ದೆಯಾಗಿತ್ತು.

ಅದರ ಮುಂದಿನ ಬುಧವಾರ ಚೀಲ ಬಿಚ್ಚಿದೆ. ಹಾರ್ಗ್ರೋವ್‌ನ ಲಕೋಟೆ ಎಲ್ಲಕ್ಕಿಂತ ಮೇಲಿತ್ತು. ತಲೆ ಎತ್ತಿದರೆ ಕಿಟಕಿಯಲ್ಲಿ ಬೀಡಲ್, ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ.

"ಕಾಫಿಗೆ ನೀರು ಕಾದಿದೆಯಾ ಮಿಸೆಸ್ ಟ್ರಾಸ್ಕ್?"

ಹಾರ್ಗ್ರೋವ್‌ನ ಲಕೋಟೆಯನ್ನು ಬದಿಗೆ ಎತ್ತಿಟ್ಟೆ.

"ಕಾದಿದೆ," ಎಂದೆ.