ಮಣ್ಣಾಗದ ಚೀಲಗಳು

ನೂರಎಂಬತ್ತನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಹಿತ್ತಲಿನ ಮೊದಲನೆಯ ಪಾತಿಯನ್ನು ಅಗೆದಾಗ, ಆರು ತಿಂಗಳ ಹಿಂದೆ ಹೂತಿಟ್ಟ ಚೀಲ ಹೂತಿಟ್ಟಂತೆಯೇ ಹೊರಗೆ ಬಂತು. ಮಾಲಿ ಅದನ್ನು ಗುದ್ದಲಿಯ ತುದಿಯಿಂದ ಎತ್ತಿ, ನಲ್ಲಿಯ ಕೆಳಗೆ ಹಿಡಿದು, ಎರಡು ಸಲ ಕೊಡವಿದ. ಕೆಸರು ಇಳಿದುಹೋಯಿತು. ಹಸಿರು ಎಲೆಯ ಚಿತ್ರ, ಅದರ ಕೆಳಗೆ ದುಂಡನೆಯ ಅಕ್ಷರಗಳಲ್ಲಿ ‘ನಾನು ಮಣ್ಣಾಗುತ್ತೇನೆ’ ಎಂಬ ಸಾಲು, ಎರಡೂ ಆಗತಾನೆ ಅಚ್ಚಾದಂತೆ ಹೊಳೆದವು.

“ಆರು ತಿಂಗಳು ಮಣ್ಣೊಳಗಿದ್ರೆ ಮನುಷ್ಯನ ಮುಖದ ಗುರುತೇ ಸಿಗಲ್ಲ ಅತ್ತಿಗೆ. ಇದು ನೋಡಿ, ಮದುವೆಗೆ ಹೊರಟ ಹಾಗಿದೆ,” ಎಂದ ಮಾಲಿ.

ಅತ್ತಿಗೆ ನಗಲಿಲ್ಲ. ಯಜಮಾನನಿಗೆ ಮಾತ್ರ ಅವರು ನಿಜವಾಗಿ ಅತ್ತಿಗೆ. ಆದರೆ ಅವನು ದಿನಕ್ಕೆ ಇಪ್ಪತ್ತು ಸಲ ಹಾಗೆ ಕೂಗುವುದನ್ನು ಕೇಳಿ ಕೇಳಿ ಇಡೀ ಕಾರ್ಖಾನೆಗೇ ಅವರು ಅತ್ತಿಗೆಯಾಗಿದ್ದರು. ಕಾರ್ಖಾನೆಯನ್ನು ಕಟ್ಟಿದವರು ಅವರ ಗಂಡ. ಗಂಡ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಅಂದಿನಿಂದ ಯಜಮಾನಿಕೆ ಮೈದುನನದು, ಪರೀಕ್ಷಾ ಕೊಠಡಿ ಇವರದು. ಮದುವೆಗೆ ಮುಂಚೆ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ್ದ ಅವರನ್ನು ಬಿಟ್ಟರೆ ಪರೀಕ್ಷಾ ಪತ್ರಕ್ಕೆ ಸಹಿ ಹಾಕುವ ಅಧಿಕಾರ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲ. ಆ ಸಹಿ ಇಲ್ಲದೆ, ಹೋದ ವರ್ಷ ಹೊಸದಾಗಿ ಶುರುವಾದ ಎಲೆಯ ಗುರುತು ಹೊತ್ತ ಒಂದೇ ಒಂದು ಚೀಲವೂ ಬಾಗಿಲು ದಾಟುವಂತಿರಲಿಲ್ಲ.

ಉಳಿದ ಹನ್ನೊಂದು ಚೀಲಗಳೂ ಹಾಗೆಯೇ ಬಂದವು. ಅವರು ಒಂದೊಂದನ್ನೂ ಒಣಗಿಸಿ, ತೂಗಿ, ಬರೆದುಕೊಂಡು, ನೇರವಾಗಿ ಮೈದುನನ ಕೋಣೆಗೆ ಹೋದರು.

ಆ ಕೋಣೆಯನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಮೈ ಮುದುಡುತ್ತಿತ್ತು. ಒಂದು ಗೋಡೆಯ ತುಂಬ ಬಳ್ಳಿ ಹಬ್ಬಿತ್ತು, ಎಲ್ಲವೂ ಪ್ಲಾಸ್ಟಿಕ್ಕಿನದು; ಕಸ ಗುಡಿಸುವವಳು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಎಲೆಯನ್ನೂ ಒರೆಸುತ್ತಿದ್ದಳು. ಇನ್ನೊಂದು ಗೋಡೆಯಲ್ಲಿ ಚೌಕಟ್ಟು ಹಾಕಿದ ಚಿತ್ರ: ಟೈ ಕಟ್ಟಿಕೊಂಡ ಮೈದುನ ಮಕ್ಕಳ ನಡುವೆ ನಿಂತು ಶಾಲೆಯ ತರಕಾರಿ ಪಾತಿಗೆ ನೀರು ಹಾಕುತ್ತಿದ್ದಾನೆ.

“ಹನ್ನೆರಡಕ್ಕೆ ಹನ್ನೆರಡೂ ಹಾಗೇ ಇವೆ,” ಎಂದರು ಅತ್ತಿಗೆ.

“ಈ ಸಲ ಚಳಿ ಜಾಸ್ತಿ ಇತ್ತಲ್ಲ ಅತ್ತಿಗೆ. ಮಣ್ಣಿಗೂ ಮನಸ್ಸು ಬರ್ಬೇಕು.”

“ಮಣ್ಣಿಗೆ ಮನಸ್ಸು ಬಂದಿದೆಯಪ್ಪ. ಪಕ್ಕದಲ್ಲೇ ಹೂತ ಹತ್ತಿ ಬಟ್ಟೆ, ರಟ್ಟು ಎರಡೂ ಹೇಳಹೆಸರಿಲ್ಲದ ಹಾಗೆ ಹೋಗಿವೆ. ಮಣ್ಣು ನೆಟ್ಟಗಿದೆ. ಚೀಲ ಸುಳ್ಳು ಹೇಳ್ತಿದೆ.”

“ಸುಳ್ಳು ಅಂತ ಯಾಕೆ ದೊಡ್ಡ ಮಾತು. ತಡ ಅನ್ನಿ.”

“ಎಷ್ಟು ತಡ?”

“ನಮ್ಮ ಕಾಲ ಮುಗಿದ ಮೇಲೆ,” ಎಂದು ಅವನು ತನ್ನ ಮಾತಿಗೆ ತಾನೇ ನಕ್ಕ.

ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತರು. “ನಿಮ್ಮಣ್ಣ ಇದ್ದಾಗ ಮಾರಿದ ಚೀಲ ವಾಪಸ್ ತಗೋತಿದ್ವಿ. ಹರಿದದ್ದನ್ನ ಕರಗಿಸಿ ಬಕೆಟ್ಟು ಮಾಡ್ತಿದ್ವಿ. ‘ಇದು ಕರಗೋದಿಲ್ಲ, ಎಸೀಬೇಡಿ, ತಂದುಕೊಡಿ’ ಅಂತ ಚೀಲದ ಮೇಲೇ ಅಚ್ಚು ಹಾಕ್ತಿದ್ವಿ. ಈಗಲೂ ಅದನ್ನೇ ಮಾಡು. ಆ ಮಾತಿನ ಕೆಳಗೆ ನಾನು ಈ ಗಳಿಗೇಲೇ ಸಹಿ ಹಾಕ್ತೀನಿ.”

“ಕಸ ವಾಪಸ್ ತಗೊಳ್ಳೋ ಕಂಪನಿನ ಯಾರು ವೇದಿಕೆ ಮೇಲೆ ಕರೀತಾರೆ ಅತ್ತಿಗೆ? ಜನಕ್ಕೆ ಎಲೆ ಬೇಕು. ಎಲೆ ಇದ್ರೆ ದೊಡ್ಡ ಅಂಗಡಿಯವರ ಬೇಡಿಕೆ. ಇಲ್ಲದಿದ್ರೆ ಎರಡನೇ ಪಾಳಿ ಮುಚ್ಚಬೇಕು. ಆ ಹೆಂಗಸರ ಮುಖ ನೀವು ನೋಡ್ತೀರೋ, ನಾನು ನೋಡ್ಲೋ?”

ಭೂಮಿಯನ್ನು ಉಳಿಸುತ್ತೇವೆಂದು ಹೊರಟವರು ಬಡವರ ಹೊಟ್ಟೆಯನ್ನು ಹೀಗೆ ಗುರಾಣಿಯಂತೆ ಮುಂದೆ ಹಿಡಿಯುವುದನ್ನು ಅತ್ತಿಗೆ ಹಿಂದೆಯೂ ಕಂಡಿದ್ದರು. ಆದರೂ ಆ ಮಾತು ನಾಟಿತು. ಎರಡನೇ ಪಾಳಿಯ ಮೂವತ್ತೊಂದು ಹೆಂಗಸರ ಮಕ್ಕಳು ಯಾವ ತರಗತಿಯಲ್ಲಿದ್ದಾರೆಂಬುದೂ ಅವರಿಗೆ ಗೊತ್ತಿತ್ತು.

ಮೈದುನ ದನಿ ಇಳಿಸಿದ. “ಎರಡನೇ ಪಾತಿ ಇನ್ನೂ ಅಗೆದಿಲ್ಲವಲ್ಲ. ನಾಡಿದ್ದು ಅಂಗಡಿಯವರ ಅಧಿಕಾರಿ ಬರ್ತಾಳೆ. ಅವಳ ಎದುರಿಗೇ ಅಗೆಸೋಣ. ಏನು ಸಿಗತ್ತೋ ಅದನ್ನೇ ಬರೀರಿ. ಸರಿ ತಾನೆ?”

ಅದಕ್ಕಿಂತ ನ್ಯಾಯವಾದ ಮಾತು ಇನ್ನೇನಿದೆ? ಮೆಟ್ಟಿಲಿಳಿಯುವಾಗ, ಅನ್ನ ಹಾಕುವ ಮೈದುನನನ್ನು ಅತಿಯಾಗಿ ಶಂಕಿಸಿದೆನೇನೋ ಎಂದು ಅತ್ತಿಗೆಗೆ ನಾಚಿಕೆಯೂ ಆಯಿತು.

ಮೂರನೆಯ ದಿನ ಖರೀದಿ ಅಧಿಕಾರಿ ಬಂದಳು. ಮೂವತ್ತರ ಆಸುಪಾಸಿನವಳು, ಬಿಳಿಯ ಬೂಟು. ಹಿತ್ತಲಿಗೆ ಕಾಲಿಡುವ ಮುಂಚೆ ನೆಲವನ್ನು ಎರಡು ಸಲ ನೋಡಿದಳು. ಮಾಲಿ ಎರಡನೆಯ ಪಾತಿಯನ್ನು ಅಗೆಯತೊಡಗಿದ. ಅವನ ಬಾಯಲ್ಲಿ ಎಂದಿನ ಒಂದು ಹಾಸ್ಯವೂ ಇರಲಿಲ್ಲ. ಗುದ್ದಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಆರು ತಿಂಗಳು ಕೂತು ಗಟ್ಟಿಯಾದ ಮಣ್ಣು ಹಾಗಿರುವುದಿಲ್ಲ. ಒಂದು ಮೊಳ, ಎರಡು ಮೊಳ ಅಗೆದದ್ದಾಯಿತು. ಚೀಲವಿಲ್ಲ, ಚೀಲಗಳನ್ನು ಸುತ್ತಿಟ್ಟಿದ್ದ ಬಲೆಯೂ ಇಲ್ಲ. ಬರೀ ಕಪ್ಪು ಮಣ್ಣು.

“ಅದ್ಭುತ,” ಎಂದು ಅಧಿಕಾರಿ ಮೊಬೈಲಿನಲ್ಲಿ ಚಿತ್ರ ತೆಗೆದಳು. ಮೈದುನ ಕೈ ಹಿಂದೆ ಕಟ್ಟಿಕೊಂಡು, ಬಹುಮಾನ ಬಂದ ಹುಡುಗನಂತೆ ನಿಂತಿದ್ದ.

ಅತ್ತಿಗೆ ಮಂಡಿಯೂರಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಪರೀಕ್ಷಾ ಕೊಠಡಿಯಿಂದ ಬಿಳಿಯ ಪಿಂಗಾಣಿ ತಟ್ಟೆ ತರಿಸಿ, ಮಣ್ಣನ್ನು ಅದರಲ್ಲಿ ಹಾಕಿ, ಮೇಲೆ ನೀರು ಹೊಯ್ದರು. ಆರನೆಯ ತರಗತಿಯ ಮಕ್ಕಳಿಗೆ ತೋರಿಸುವ ಪ್ರಯೋಗ ಅದು: ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ. ಮಣ್ಣು ತಳ ಸೇರಿತು. ಮೇಲಕ್ಕೆ, ಒಡೆದ ಹಾಲಿನ ಗಡ್ಡೆಗಳಂತೆ, ಬಿಳಿ ಹಸಿರು ಚೂರುಗಳು ಪದರಪದರವಾಗಿ ತೇಲಿ ಬಂದವು.

“ಏನು ಮಾಡಿದ್ರಿ ಇದಕ್ಕೆ?” ಎಂದು ಅವರು ಮಾಲಿಯನ್ನು ಕೇಳಿದರು.

ಮಾಲಿ ಯಜಮಾನನ ಮುಖ ನೋಡಿದ, ಆಮೇಲೆ ಗುದ್ದಲಿಯ ಕಾವನ್ನು ನೋಡಿದ. “ಮೊನ್ನೆ ಸಂಜೆ ಚೀಲಗಳನ್ನೆಲ್ಲ ಹೊರಗೆ ತೆಗೆಸಿ, ಕತ್ತರಿಸಿದ ಅಂಚಿನ ಚೂರು ಅರೆಯೋ ಯಂತ್ರಕ್ಕೆ ಹಾಕಿಸಿದ್ರು ಅತ್ತಿಗೆ. ಅರೆದದ್ದನ್ನ ಮಣ್ಣಿಗೆ ಕಲಸಿದ್ದು ನಾನೇ. ಹೋದ ವರ್ಷದ ಹಾಗೇ.”

“ಹೋದ ವರ್ಷವೂ?”

“ನಿಮಗೆ ಜ್ವರ ಇತ್ತಲ್ಲ ಆಗ.”

ಜ್ವರವಿತ್ತು. ಹಾಸಿಗೆಯ ಬಳಿಗೆ ಮೈದುನ ಎರಡು ಚಿತ್ರಗಳನ್ನೂ ಒಂದು ಸಣ್ಣ ಶೀಸೆಯಲ್ಲಿ ಶುದ್ಧವಾದ ಮಣ್ಣನ್ನೂ ತಂದು ತೋರಿಸಿದ್ದ. ‘ಏಳೋದು ಬೇಡ, ಇಲ್ಲೇ ಹಾಕಿ ಸಾಕು’ ಎಂದು ದಿಂಬು ಸರಿಪಡಿಸಿ, ಲೇಖನಿಯ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟಿದ್ದ. ಕಣ್ಣಾರೆ ಕಾಣದ ಯಾವುದಕ್ಕೂ ಸಹಿ ಹಾಕಬಾರದೆಂದು ನೂರಾರು ಮಕ್ಕಳಿಗೆ ಹೇಳಿಕೊಟ್ಟ ಕೈ ಅಂದು ಸಹಿ ಹಾಕಿತ್ತು.

“ಹೋದ ವರ್ಷದ ಮಣ್ಣು ಎಲ್ಲಿದೆ?”

“ಶಾಲೆಗೆ ಹೋಯ್ತಲ್ಲ. ನಾಲ್ಕು ಗಾಡಿ. ಫೋಟೋ ಬಂದಿದೆ ನೋಡಿ ಯಜಮಾನರ ಕೋಣೇಲಿ.”

ಮೈದುನನ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. “ನಿಯಮ ಏನು ಹೇಳತ್ತೆ? ಉಗುರಿಗಿಂತ ದೊಡ್ಡ ಚೂರು ಕಣ್ಣಿಗೆ ಕಾಣಬಾರದು. ಕಾಣ್ತಿದೆಯಾ? ಇಲ್ಲ. ಮುಗೀತು.”

ಅತ್ತಿಗೆ ತಟ್ಟೆಯನ್ನು ಅಧಿಕಾರಿಯ ಕಡೆಗೆ ಸರಿಸಿದರು. ಅವಳು ಬಗ್ಗಿ ನೋಡಿದಳು. ನೋಡಲಿಲ್ಲವೆಂದು ಯಾರೂ ಹೇಳುವಂತಿಲ್ಲ, ಚೆನ್ನಾಗಿಯೇ ನೋಡಿದಳು.

“ಮೇಡಂ, ನೀರು ಹಾಕ್ಬೇಕು ಅಂತ ಪರೀಕ್ಷೆಯ ವಿಧಾನದಲ್ಲಿ ಬರೆದಿದೆಯಾ?”

“ಇಲ್ಲ.”

“ಹಾಗಿದ್ರೆ ಹಾಕ್ಬೇಡಿ,” ಎಂದಳು ಅಧಿಕಾರಿ, ಬಹಳ ವಿನಯದಿಂದ.

ಕಳ್ಳನ ಬಾಯಲ್ಲಿ ಸುಳ್ಳು ಕೇಳಿದರೆ ಮನುಷ್ಯನಿಗೆ ಕೋಪ ಬರುತ್ತದೆ. ಕಾವಲುಗಾರನ ಬಾಯಲ್ಲಿ ಅದೇ ಸುಳ್ಳು ಇಷ್ಟು ನಯವಾಗಿ ಬಂದಾಗ ಕೋಪ ಬರುವುದಿಲ್ಲ, ವಾಕರಿಕೆ ಬರುತ್ತದೆ. ಅತ್ತಿಗೆ ಕೈ ತೊಳೆದುಕೊಂಡರು. ಸಾಬೂನು ಹಾಕಿ ಮತ್ತೊಮ್ಮೆ ತೊಳೆದುಕೊಂಡರು. ಉಗುರಿನ ಸಂದಿಯಲ್ಲಿ ಹಸಿರು ಚೂರೊಂದು ಸಿಕ್ಕಿಕೊಂಡಿತ್ತು, ಅದು ಹೋಗಲಿಲ್ಲ.

ಯಜಮಾನನ ಕೋಣೆಯಲ್ಲಿ ಅತಿಥಿಗೆಂದು ಮೇಜಿನ ಮೇಲೆ ಬುಟ್ಟಿಯೊಂದನ್ನು ಇಟ್ಟಿದ್ದರು. ಅದರ ತುಂಬ ಎಳೆಯ ಬಿಳಿ ಮೂಲಂಗಿ, ಹಿಡಿಕೆಗೆ ಹಸಿರು ಪಟ್ಟಿ. “ನಮ್ಮ ಮಣ್ಣಿಂದ ಶಾಲೆ ಮಕ್ಕಳು ಬೆಳೆದದ್ದು. ನಿಮಗೆ ಅಂತ ಕಳಿಸಿದ್ದಾರೆ,” ಎಂದ ಮೈದುನ.

ಅಧಿಕಾರಿ ಮೆಚ್ಚುಗೆಯಿಂದ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಮೂಲಂಗಿಯ ಮಗ್ಗುಲಲ್ಲಿ ಒಂದು ತಗ್ಗು. ತಗ್ಗಿನಲ್ಲಿ ಉಗುರಿಗಿಂತ ಸಣ್ಣದಾದ ಒಂದು ಚೂರು, ಅದರ ಮೇಲೆ ಅರ್ಧ ಎಲೆಯ ಅಚ್ಚು. ಮೂಲಂಗಿಯ ತಿರುಳು ಅದರ ಸುತ್ತ ತುಟಿಯಂತೆ ಉಬ್ಬಿ, ಅದನ್ನು ಒಳಕ್ಕೆ ಹೀರಿಕೊಂಡಿತ್ತು. ಅವಳು ಹೆಬ್ಬೆರಳಿನ ಉಗುರಿನಿಂದ ಕೆರೆದು ನೋಡಿದಳು. ಚೂರು ಬರಲಿಲ್ಲ. ಅವಳು ಮೂಲಂಗಿಯನ್ನು ಕಾಗದದಲ್ಲಿ ಸುತ್ತಿ, ಮೇಜಿನ ಕೆಳಗಿನ ಕಸದ ಡಬ್ಬಿಗೆ ಹಾಕಿ, ಕೈಚೀಲದಿಂದ ಒದ್ದೆ ಕಾಗದ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

“ಮೂಲಂಗಿ ನನಗೆ ಅಷ್ಟು ಒಗ್ಗಲ್ಲ,” ಎಂದು ಹೇಳಿ, ಪರೀಕ್ಷಾ ಪತ್ರವನ್ನು ಅತ್ತಿಗೆಯ ಮುಂದಕ್ಕೆ ತಳ್ಳಿದಳು.

ಪತ್ರದಲ್ಲಿ ಎರಡು ಚೌಕಗಳಿದ್ದವು: ‘ಕರಗಿದೆ’, ‘ಕರಗಿಲ್ಲ’. ಅತ್ತಿಗೆ ಎರಡನೆಯದರಲ್ಲಿ ಗುರುತು ಹಾಕಿದರು. ಷರಾ ಎಂಬಲ್ಲಿ ‘ಅರೆದು ಬೆರೆಸಿದ್ದಾರೆ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿದರು.

ಅಧಿಕಾರಿ ಅದನ್ನು ಓದಿ ಮಡಚಿಟ್ಟಳು. “ಇದು ನನ್ನ ಕೈಗೆ ಬರಲೇ ಇಲ್ಲ ಅಂದ್ಕೊಳ್ಳೋಣ. ಹೊಸ ಪರೀಕ್ಷಕರು ಸಿಕ್ಕಿದ ಮೇಲೆ ಹೊಸ ಪತ್ರ ಕಳಿಸಿ, ಸಾರ್. ವಾರದೊಳಗೆ ಆಗತ್ತೆ ತಾನೆ?”

“ನಾಲ್ಕೇ ದಿನ,” ಎಂದ ಮೈದುನ. ಆಮೇಲೆ ಅತ್ತಿಗೆಯ ಕಡೆ ತಿರುಗಿ, “ನೀವು ಇನ್ನು ಮನೇಲಿ ಆರಾಮಾಗಿರಿ. ನಿಮಗೆ ಊಟಕ್ಕೇನು ನಾವು ಕಮ್ಮಿ ಮಾಡಿದ್ದೀವಾ?” ಎಂದ.

“ಊಟದ ಮಾತು ನೀನು ಎತ್ತಬಾರದಿತ್ತಪ್ಪ,” ಎಂದರು ಅತ್ತಿಗೆ. “ಆ ಬುಟ್ಟಿ ಎದುರಿಗಿರುವಾಗ.”

ಅವರು ಎದ್ದು ಹೊರಟರು. ಬಾಗಿಲ ಬಳಿ ಮಾಲಿ ಅಡ್ಡ ಬಂದು, “ನನ್ನ ಮೇಲೆ ಸಿಟ್ಟಾಗ್ಬೇಡಿ ಅತ್ತಿಗೆ, ಹೊಟ್ಟೆಪಾಡು,” ಎಂದ. ಅವರು ಅವನನ್ನು ಬಳಸಿಕೊಂಡು ಹೊರಗೆ ಬಂದರು. ಎರಡನೇ ಪಾಳಿಯ ಹೆಂಗಸರು ಗೇಟಿನಲ್ಲಿ ಒಳಗೆ ಬರುತ್ತಿದ್ದರು. ಅವರಲ್ಲೊಬ್ಬಳು ನಕ್ಕು ಕೈ ಎತ್ತಿದಳು. ಅತ್ತಿಗೆ ತಲೆ ತಗ್ಗಿಸಿ ನಡೆದರು.

ಶಾಲೆ ಹತ್ತು ನಿಮಿಷದ ದಾರಿ. ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಮಕ್ಕಳು ಸಾಲಾಗಿ ನಿಂತು ತಟ್ಟೆ ತೊಳೆಯುತ್ತಿದ್ದರು, ಮೋರಿಯ ಬಾಯಲ್ಲಿ ಮೂಲಂಗಿಯ ಬಿಲ್ಲೆಗಳು ಅಡ್ಡ ನಿಂತಿದ್ದವು. ಅತ್ತಿಗೆ ಮುಖ್ಯೋಪಾಧ್ಯಾಯಿನಿಯನ್ನು ಪಾತಿಯ ಬಳಿಗೆ ಕರೆದೊಯ್ದು, ಮಕ್ಕಳ ತಟ್ಟೆಯೊಂದರಲ್ಲಿ ಒಂದು ಹಿಡಿ ಮಣ್ಣು ಹಾಕಿ, ನೀರು ಹೊಯ್ದು ತೋರಿಸಿದರು. ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದರು.

ಮುಖ್ಯೋಪಾಧ್ಯಾಯಿನಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಏಳು ತಿಂಗಳಿಂದ ಇದನ್ನೇ ಬಡಿಸ್ತಿದ್ದೀವಿ,” ಎಂದರು. “ಮಕ್ಕಳು ಬೇಡ ಅಂದ್ರೂ ತಿನ್ನಿ, ಒಳ್ಳೇದು ಅಂತ ಗದರಿಸಿ ತಿನ್ನಿಸಿದ್ದೀನಿ ನಾನು. ಸುಮ್ಮನೆ ತಗೊಂಡಿರಲಿಲ್ಲ ಮೇಡಂ. ಪತ್ರ ಕೇಳಿದ್ದೆ. ಪರೀಕ್ಷೆ ಮಾಡಿದವರ ಸಹಿ ಇದ್ದ ಪತ್ರ ಕೊಟ್ಟಿದ್ರು.”

“ಆ ಸಹಿ ನಂದು,” ಎಂದರು ಅತ್ತಿಗೆ.

ಮುಖ್ಯೋಪಾಧ್ಯಾಯಿನಿ ಒಂದು ಹೆಜ್ಜೆ ಹಿಂದೆ ಸರಿದರು. ಹೊಲಸು ತುಳಿದವರನ್ನು ಕಂಡಾಗ ಸರಿಯುವಂತೆ ಸರಿದರು. ಅತ್ತಿಗೆಗೆ ಅದು ನ್ಯಾಯವೆನಿಸಿತು.

“ಪೋಷಕರಿಗೆ ತಿಳಿಸ್ಬೇಕು, ಇವತ್ತೇ,” ಎಂದರು ಅತ್ತಿಗೆ. “ನಾನು ಬರೆದುಕೊಡ್ತೀನಿ. ಡಾಕ್ಟರಿಗೆ ತೋರಿಸೋದಕ್ಕೂ ಕೈಯಲ್ಲಿ ಒಂದು ಕಾಗದ ಬೇಕು.”

ಕಛೇರಿಯ ಬೆಂಚಿನ ಮೇಲೆ ಕೂತು ಬರೆದರು. ಮಣ್ಣಿನಲ್ಲಿ ಏನಿದೆ, ಎಲ್ಲಿಂದ ಬಂತು, ಯಾರು ಬೆರೆಸಿದರು, ಯಾರು ಬೆರೆಸಲು ಹೇಳಿದರು. ಮೊದಲ ಸಾಲಿನಲ್ಲಿಯೇ, ಇದು ಶುದ್ಧವೆಂದು ನೋಡದೆ ಸಹಿ ಹಾಕಿದವಳು ತಾನೆಂದು ಬರೆದರು. ಬೆನ್ನ ಹಿಂದೆ ನಿಂತು ಓದುತ್ತಿದ್ದ ಮುಖ್ಯೋಪಾಧ್ಯಾಯಿನಿಯ ದನಿ ಸ್ವಲ್ಪ ಮೆತ್ತಗಾಯಿತು.

“ನಿಮ್ಮ ಹೆಸರು ಬಿಟ್ರೂ ನಡೆಯತ್ತೆ. ಕಂಪನಿ ಅಂದ್ರೆ ಸಾಕು. ನಾಳೆ ನೀವು ಇದೇ ರಸ್ತೇಲಿ ಓಡಾಡ್ಬೇಕಲ್ಲ.”

“ಬೇಡ. ಕಂಪನಿ ಅಂದ್ರೆ ಯಾರ ಮುಖಾನೂ ಕಾಣಲ್ಲ.”

ಮಗುವಿಗೊಂದರಂತೆ ಪತ್ರದ ಇನ್ನೂರ ಹದಿನಾರು ಪ್ರತಿಗಳು ನಕಲು ಯಂತ್ರದಿಂದ ಬೆಚ್ಚಗೆ ಬಂದವು. ಪ್ರತಿಯಲ್ಲಿ ಸಹಿ ಮಸುಕಾಗಿ ಬಿದ್ದಿತ್ತು. ಅತ್ತಿಗೆ ಒಂದೊಂದರ ಮೇಲೂ ಮತ್ತೆ ಸಹಿ ಹಾಕತೊಡಗಿದರು. ಹೊರಗೆ ಜವಾನ ಪಾತಿಯ ಮೂಲಂಗಿಯನ್ನೆಲ್ಲ ಕಿತ್ತು ಗೋಣಿಗೆ ತುಂಬುತ್ತಿದ್ದ. ನೂರರ ಹತ್ತಿರ ಬಂದಾಗ ಬೆರಳು ಮರಗಟ್ಟಿತು. ನೂರ ಎಂಬತ್ತು ದಾಟಿದಾಗ ಗೇಟಿನ ಬಳಿ ಮೈದುನನ ಕಾರು ನಿಂತಿತು. ಅವನು ಇಳಿದು, ಟೈ ಸರಿಮಾಡಿಕೊಳ್ಳುತ್ತಾ ಬೇಗ ಬೇಗ ಅಂಗಳ ದಾಟಿ ಬಂದ.

“ಅತ್ತಿಗೆ,” ಎಂದ ಬಾಗಿಲಲ್ಲಿ. “ಮನೆಗೆ ನಡೀರಿ. ಮಾತಾಡೋಣ. ನಿಮ್ಮ ಮಾತಿನ ಹಾಗೇ ಆಗ್ಲಿ, ಚೀಲ ವಾಪಸ್ ತಗೊಳ್ಳೋಣ. ಆ ಕಾಗದಗಳನ್ನ ಮಾತ್ರ ಇಲ್ಲಿ ಕೊಡಿ.”

ಒಂಬತ್ತು ವರ್ಷ ಬೇಡಿದರೂ ಬರದ ಮಾತು ಒಂದು ಕಂತೆ ಕಾಗದವನ್ನು ಕಂಡೊಡನೆ ಬಂದಿತ್ತು. ಆ ಮಾತೂ ಅತ್ತಿಗೆಗೆ ಹಳಸಿದಂತೆ ನಾರಿತು. ಅವರು ತಲೆ ಎತ್ತಲಿಲ್ಲ. ಸಹಿಯಾದ ಕಂತೆಯನ್ನು ಮುಖ್ಯೋಪಾಧ್ಯಾಯಿನಿಯ ಕೈಗಿತ್ತು, “ಇವು ಮುಗಿದಿವೆ, ತರಗತಿಗೆ ಕಳಿಸಿ, ಇನ್ನು ಮೂವತ್ತಿವೆ,” ಎಂದರು.

ಮುಖ್ಯೋಪಾಧ್ಯಾಯಿನಿ ಮೈದುನನನ್ನು ದಾಟಿಕೊಂಡು ಹೊರಗೆ ಹೋದರು. ಅವನು ಬಾಗಿಲಲ್ಲೇ ನಿಂತ. ಅತ್ತಿಗೆ ಮುಂದಿನ ಹಾಳೆಯನ್ನು ಎಳೆದುಕೊಂಡರು.