ಹೊಟ್ಟೆಯ ಮೇಲಿನ ನೀಲಿ

“ಕೊಲೆಗಾತಿ!” ಎನ್ನುತ್ತ ನಾದಿನಿ ಅತ್ತಿಗೆಯ ಜುಟ್ಟು ಹಿಡಿದು ಗೋಡೆಗೆ ಚಚ್ಚಿದಳು. ನೀರಿನ ಬಕೆಟ್ಟು ಉರುಳಿತು. ಹೆಣ ತೊಳೆಯಲೆಂದು ಮೇಸ್ತ್ರಿಯ ಅಂಗಿ ಬಿಚ್ಚಿದ್ದೇ ತಡ, ಹೊಟ್ಟೆಯ ತುಂಬ ನೀಲಿ ಕಲೆಗಳು ಕಂಡಿದ್ದವು.

“ಕಾಲು ಮುರ್ಕೊಂಡು ಬಿದ್ದೋನನ್ನ ಗುದ್ದಿ ಗುದ್ದಿ ಸಾಯಿಸಿದ್ಯಲ್ಲೇ! ನಮ್ಮಣ್ಣ ನಿನಗೇನು ಕಮ್ಮಿ ಮಾಡಿದ್ದ? ಪೊಲೀಸ್ರಿಗೆ ಹಿಡಿದು ಕೊಡ್ತೀನಿ, ನೋಡ್ತಿರು!”

ಕಮ್ಮಿ ಏನೂ ಮಾಡಿರಲಿಲ್ಲ. ಇಪ್ಪತ್ತು ವರ್ಷ ಮನಸಾರೆ ಹೊಡೆದಿದ್ದ. ಗೋಡೆ ಕಟ್ಟುವಾಗ ಅವನ ಕೈ ಎಷ್ಟು ನೇರವೋ, ಮನೆಯಲ್ಲಿ ಅಷ್ಟೇ ಮುಂದು. ಹೆಂಡತಿ ತುಟಿಯ ರಕ್ತ ನೆಕ್ಕಿಕೊಂಡಳು. ಬಲಗೈಯನ್ನು ಮಾತ್ರ ಶಾಲಿನಿಂದ ಹೊರಗೆ ತೆಗೆಯಲಿಲ್ಲ.

* * *

ಕಟ್ಟಡದ ಸಾರುವೆಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವನಿಗೆ ಆಸ್ಪತ್ರೆಯಲ್ಲಿ ರಾಡು ಹಾಕಿ ಮನೆಗೆ ಕಳಿಸಿದ್ದರು. ಅದೇ ಬೀದಿಯ ನರ್ಸಮ್ಮ ಬಂದು ಹೆಂಡತಿಗೆ ಸೂಜಿ ಚುಚ್ಚುವುದನ್ನು ಕಲಿಸಿದ್ದಳು.

“ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಅದು ಶ್ವಾಸಕೋಶಕ್ಕೆ ಹೋದ್ರೆ ಮುಗೀತು ಕತೆ. ದಿನಾ ಹೊಟ್ಟೆಗೊಂದು ಸೂಜಿ, ಒಂದು ತಿಂಗಳು, ತಪ್ಪಿಸ್ಬೇಡಿ. ಚುಚ್ಚಿದ ಕಡೆ ನೀಲಿಗಟ್ಟುತ್ತೆ, ಹೆದರ್ಬೇಡಿ. ಮೆಲ್ಲಗೆ ನಡೆಸ್ತಾನೂ ಇರಿ.”

ಹನ್ನೊಂದು ದಿನ ಚುಚ್ಚಿದಳು, ಬೈಸಿಕೊಂಡೇ ನಡೆಸಿದಳು. ಹನ್ನೆರಡನೆಯ ದಿನ ಮೇಸ್ತ್ರಿ, “ಚುಚ್ಚಿ ಚುಚ್ಚಿ ಸೇಡು ತೀರಿಸ್ಕೊಳ್ತೀಯಾ?” ಎಂದು ಊರುಗೋಲೆತ್ತಿ ಅವಳ ಕೈಮೇಲೆ ಬಾರಿಸಿದ. ಎರಡು ಬೆರಳು ಲಟಕ್ಕೆಂದವು. ಉಳಿದ ಸೂಜಿಗಳನ್ನು ಅವಳು ಕಪಾಟಿಗೆ ಸೇರಿಸಿದಳು. ಹೆದರಿಕೆಯಾಯಿತು, ಸುಳ್ಳೇಕೆ, ನೆಮ್ಮದಿಯೂ ಆಯಿತು. ಆರು ದಿನ ಕಳೆದು, ನಿನ್ನೆ ಮಧ್ಯಾಹ್ನ, ಅವನು ಉಸಿರು ಸಿಗದೆ ಬಾಯಿ ಬಾಯಿ ಬಿಟ್ಟು ನೆಲಕ್ಕೆ ಬಿದ್ದ.

* * *

ನರ್ಸಮ್ಮ ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿದಳು.

“ಗುದ್ದಿದ್ದಲ್ಲ ತಾಯಿ, ಅದು ಸೂಜಿ ಗುರುತು. ರಕ್ತ ಹೆಪ್ಪುಗಟ್ಟದ ಹಾಗೆ ನಾವೇ ಕೊಟ್ಟ ಸೂಜಿ. ಬೇಕಾದ್ರೆ ನೋಡು.”

ತೋರಿಸಲೆಂದು ಕಪಾಟಿನಿಂದ ಪೆಟ್ಟಿಗೆ ತೆಗೆದವಳು ಒಳಗಿನ ಸೂಜಿಗಳನ್ನು ಎಣಿಸಿದಳು. ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. “ನಿಲ್ಲಿಸ್ಬಿಟ್ರಾ?”

“ಯಾಕೆ ನಿಲ್ಲಿಸ್ದೆ? ಬೊಗಳು!” ಎಂದು ನಾದಿನಿ ಅರಚಿದಳು.

ಹೆಂಡತಿ ಕೈ ಹೊರತೆಗೆದಳು. ಎರಡು ಬೆರಳು ಬದನೆಕಾಯಿಯ ಹಾಗೆ ಊದಿ ಕಪ್ಪಾಗಿದ್ದವು.

“ಅಯ್ಯೋ, ನನ್ನನ್ನ ಕರೀಬಹುದಿತ್ತಲ್ಲ! ನಾಲ್ಕು ಹೆಜ್ಜೆ ಅಷ್ಟೇ,” ಎಂದಳು ನರ್ಸಮ್ಮ.

“ಕರೀಬಹುದಿತ್ತು. ಕರೀಲಿಲ್ಲ. ಸಾಕಾಗಿತ್ತು ಸಿಸ್ಟರ್.”

ನಾದಿನಿ ಹೊಡೆಯಲು ಕೈಯೆತ್ತಿದಳು. ಎತ್ತಿದ ಕೈಯ ಕಿರುಬೆರಳು ಸೊಟ್ಟಗಿತ್ತು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಇದೇ ಅಣ್ಣ ಬಾಗಿಲ ಸಂದಿಗಿಟ್ಟು ಮುರಿದದ್ದು. ಅದು ಅವಳ ಕಣ್ಣಿಗೂ ಬಿತ್ತು. ಕೈ ತಾನಾಗಿ ಕೆಳಗಿಳಿಯಿತು.

ನಾದಿನಿ ಹೆಣ ಒರೆಸಲು ತಂದು ನೆಲದ ಮೇಲೆ ಬಿದ್ದಿದ್ದ ಒದ್ದೆ ಬಟ್ಟೆ ಎತ್ತಿಕೊಂಡು, ಒಂದು ತುದಿಯನ್ನು ಅತ್ತಿಗೆಯ ಎಡಗೈಗೆ ಕೊಟ್ಟಳು. ಇಬ್ಬರೂ ಹಲ್ಲು ಕಚ್ಚಿ, ಒಂದು ಹನಿಯೂ ಉಳಿಯದ ಹಾಗೆ ಅದನ್ನು ಹಿಂಡಿದರು.